ಅಕ್ಕನ ಸಂಘಕ್ಕೆ ತಮ್ಮನ ಅರ್ಜಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಅಂದರೆ ನಮ್ಮಕ್ಕಾ, ಮರಗೆಲಸಗಾರರ ಸಹಕಾರ ಸಂಘದ ಸದಸ್ಯರೇ, ಬೆಳಗಿನಿಂದ ಕುರ್ಚಿ ಜೋಡಿಸಿ ಈಗ ಕೂರಲು ಜಾಗವಿಲ್ಲದೆ ನಿಂತಿರುವ ಸಭಿಕರೇ,

ಅಕ್ಕ ಇವತ್ತು ಅಧ್ಯಕ್ಷಗಿರಿ ಬಿಟ್ಟುಕೊಡುತ್ತಿದ್ದಾಳೆ. ಅವಳ ಬಗ್ಗೆ ನಾಲ್ಕು ಒಳ್ಳೆಯ ಮಾತಾಡಲು ಎದುರುಗಡೆಯ ಕಾರ್ಖಾನೆಯ ಮಾಲೀಕನನ್ನೇ ಕರೆದಿದ್ದೀರಿ. ನಿಮ್ಮ ಧೈರ್ಯ ಮೆಚ್ಚಬೇಕು! ಆದರೆ ನಾನು ಬರೀ ಹೊಗಳಲು ಬಂದವನಲ್ಲ. ನನ್ನ ಕಾರ್ಖಾನೆಯನ್ನು ದೊಡ್ಡ ಕಂಪನಿಯೊಂದು ಕೊಳ್ಳಲು ಬಂದಿದೆ. ಅವರಿಗೆ ಜಾಗ ಬೇಕು, ಯಂತ್ರ ಬೇಕು, ನನ್ನ ಕೆಲಸಗಾರರು ಮಾತ್ರ ಬೇಡ. ಅದಕ್ಕೇ ನಿಮ್ಮಲ್ಲಿ ಅರ್ಜಿ ಹಾಕಿದ್ದೇನೆ: ಕಾರ್ಖಾನೆ ಸಮೇತ ನಮ್ಮೆಲ್ಲರನ್ನೂ ಸಂಘಕ್ಕೆ ಸೇರಿಸಿಕೊಳ್ಳಿ. ಈ ಭಾಷಣ ಮುಗಿದ ಮೇಲೆ ನೀವು ತೀರ್ಮಾನಿಸುತ್ತೀರಿ.

ಬಂಡವಾಳಶಾಹಿ ಮೇಲೋ, ಸಮಾಜವಾದ ಮೇಲೋ, ಸಹಕಾರ ಮೇಲೋ? ತಿಳಿದವರು ದಪ್ಪ ದಪ್ಪ ಗ್ರಂಥ ಬರೆದಿದ್ದಾರೆ. ನಮ್ಮ ಮನೆಯಲ್ಲಿ ಮೂರೂ ಒಟ್ಟಿಗೇ ಊಟಕ್ಕೆ ಕೂರುತ್ತಿದ್ದವು. ಅಪ್ಪ ಸರ್ಕಾರಿ ಪೀಠೋಪಕರಣ ಕಾರ್ಖಾನೆಯಲ್ಲಿ ಮೇಸ್ತ್ರಿ, ಅಕ್ಕ ಈ ಸಂಘದವಳು, ನಾನು ಮಾಲೀಕ.

ಒಮ್ಮೆ ಅಮ್ಮ, "ಮೇಲಿನ ಡಬ್ಬ ಕೈಗೆ ಸಿಗ್ತಿಲ್ಲ, ಒಂದು ಸ್ಟೂಲ್ ಮಾಡ್ಕೊಡ್ರಪ್ಪಾ" ಅಂದಳು. ಅಪ್ಪ ಅನುಮತಿ ಪಡೆದು ನಾಲ್ಕು ಕಾಲು ತಂದರು. ಎಂಥ ಕಾಲು ಅಂತೀರಿ, ಆನೆ ನಿಂತರೂ ಅಲ್ಲಾಡದು! "ಹಲಗೆ ಎಲ್ರೀ?" ಅಂದರೆ, "ಅದು ಬೇರೆ ವಿಭಾಗದ್ದು ಕಣೇ, ಮುಂದಿನ ವರ್ಷದ ಯೋಜನೇಲಿದೆ" ಅಂದರು. ಅಕ್ಕನ ಸಂಘದಲ್ಲಿ ಹಲಗೆ ಗುಂಡಗಿರಬೇಕೋ ಚೌಕವಾಗಿರಬೇಕೋ ಅಂತ ಚರ್ಚೆ ಶುರುವಾಯಿತು. ಮುಗಿಯಿತಾ ಅಕ್ಕಾ? ನಾನೋ, ಯಾರನ್ನೂ ಕೇಳದೆ ಸಂಜೆಯೊಳಗೆ ತಂದಿಟ್ಟೆ. ಫಳಫಳ ಪಾಲಿಶ್, ಎತ್ತರ ಅಮ್ಮನ ಎದೆಮಟ್ಟ.

"ಇದನ್ನ ಹತ್ತೋಕೆ ಇನ್ನೊಂದು ಸ್ಟೂಲ್ ಬೇಕಲ್ಲೋ ಮಾರಾಯಾ!" ಅಂದಳು ಅಮ್ಮ. ಕೊನೆಗೆ ಪಕ್ಕದ ಮನೆಯ ಸ್ಟೂಲ್ ತಂದುಕೊಂಡಳು, ಬದಲಿಗೆ ಅವರ ಹರಿದ ಪರದೆಯನ್ನು ಹೊಲಿದುಕೊಟ್ಟಳು. ಅದು ಯಾವ ಅರ್ಥಶಾಸ್ತ್ರವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮಾಲೀಕನಾಗಿ ಸುಖವಾಗಿದ್ದೆ, ಸುಳ್ಳು ಯಾಕೆ ಹೇಳಲಿ? ಮನಸ್ಸಿಗೆ ಹೊಳೆದ ಕುರ್ಚಿಯನ್ನು ಅವತ್ತೇ ಮಾಡಿಸಬಹುದಿತ್ತು. ಆದರೆ ಊಟದ ಹೊತ್ತಿಗೆ ನಿಮ್ಮ ಕಡೆಯಿಂದ ಜೋರು ಜಗಳ ಕೇಳಿಸುತ್ತಿತ್ತು, ಆಮೇಲೆ ಅದಕ್ಕಿಂತ ಜೋರು ನಗು. ನನ್ನ ಕಡೆ ನಾನು ಒಳಗೆ ಕಾಲಿಟ್ಟರೆ ಎಲ್ಲರೂ ಗಪ್‌ಚುಪ್. ಡಬ್ಬಿ ಬಿಚ್ಚಿ ಒಬ್ಬನೇ ಉಣ್ಣುತ್ತಾ, ಕಿಟಕಿಯಿಂದ ನಿಮ್ಮ ಜಗಳಕ್ಕೆ ಕಿವಿಗೊಡುತ್ತಿದ್ದೆ. ಹೊಟ್ಟೆಕಿಚ್ಚಾಗುತ್ತಿತ್ತು ಸ್ವಾಮೀ, ಹೊಟ್ಟೆಕಿಚ್ಚು!

ನಿನ್ನೆ ಅಕ್ಕನಿಗೆ ಇದನ್ನೇ ಹೇಳಿ, ನಾನೂ ನಿಮ್ಮ ಜೊತೆ ಸೇರಬೇಕು ಅಂದೆ.

"ನೀನಾ? ಯಾರಾದ್ರೂ ಎದುರು ಮಾತಾಡಿದ್ರೆ ಮೂಗಿನ ತುದೀಲೇ ಕೋಪ ನಿಂಗೆ. ಇಲ್ಲಿ ದಿನಾ ಎದುರು ಮಾತಾಡ್ತಾರೆ" ಅಂದಳು.

"ಬೈಸಿಕೊಳ್ಳೋದನ್ನ ಕಲೀತೀನಿ ಕಣಕ್ಕಾ" ಅಂದೆ. ಅವಳು ಕನ್ನಡಕ ತೆಗೆದು ಕಣ್ಣೊರೆಸಿಕೊಂಡಳು.

ಸದಸ್ಯರೇ, ಈ ಸಿಡುಕನನ್ನು ಬೇಡವೆಂದರೂ ಸರಿಯೇ, ನನ್ನ ಕೆಲಸಗಾರರನ್ನು ಕೈಬಿಡಬೇಡಿ. ಆಗಲೂ ಕಾರ್ಖಾನೆ ನಿಮ್ಮದೇ.

ಅಕ್ಕಾ, ನಿನಗೊಂದು ಮಾತು. ಮತಕ್ಕೆ ಹಾಕಿದಾಗ ನೀನು ಮಾತ್ರ ಕೈ ಎತ್ತಬೇಡ. ನೀನು ಎತ್ತಿದರೆ ನಿನ್ನ ಮೇಲಿನ ಪ್ರೀತಿಗೇ ಎಲ್ಲರೂ ಎತ್ತಿಬಿಡುತ್ತಾರೆ. ನಾವು ಬೇಕೆನಿಸಿದರೆ ಇವರೇ ಕರೆಯಲಿ. ನನ್ನ ಕೆಲಸಗಾರರು ಆಗಲೇ ಹೊರಗೆ ನಿಂತಿದ್ದಾರೆ. ನಾನೂ ಹೋಗಿ ಅವರ ಜೊತೆ ಕಾಯುತ್ತೇನೆ.

ಇಷ್ಟು ಹೊತ್ತು ಎದುರು ಮಾತಾಡದೆ ಕೇಳಿದ ನಿಮಗೆಲ್ಲ ತುಂಬು ಮನಸ್ಸಿನ ಧನ್ಯವಾದ. ನಮಸ್ಕಾರ.