ಇಪ್ಪತ್ತಮೂರು ದಿನದ ಸೆನ್ಸರ್

ದರ್ಜಿಯ ಕಿವಿ ಸಾಮಾನ್ಯದ್ದಲ್ಲ. ಮೂರು ಬೀದಿಯಾಚೆ ಗುಂಡಿ ಬಿದ್ದರೂ ಅದು ಕೋಟಿನದೋ ಅಂಗಿಯದೋ ಎಂದು ಹೇಳಿಬಿಡುತ್ತದೆ. ಅಂಥವನು ಕ್ಲಿನಿಕ್ಕಿನ ಬೆಂಚಿನಲ್ಲಿ ಕೂತಿದ್ದಾಗ ಪಕ್ಕದಲ್ಲೇ ಅಕ್ಕ ತಮ್ಮ ಜಗಳಕ್ಕಿಳಿದರು. ಅಕ್ಕ ಶಾಲಾ ವ್ಯಾನಿನ ಡ್ರೈವರ್, ತೋಳಿನ ಹಿಂಬದಿಯಲ್ಲಿ ಸಕ್ಕರೆ ಅಳೆಯುವ ಸೆನ್ಸರ್. ತಮ್ಮ ಗಡಿಯಾರ ರಿಪೇರಿಯವನು.

"ಹತ್ತೇ ದಿನ ಬಾಳೋ ಸೆನ್ಸರನ್ನ ಇಪ್ಪತ್ಮೂರು ದಿನ ಓಡಿಸ್ದೆ ಅಕ್ಕ. ಯಾರಿಗೆ ಬರುತ್ತೆ ಹೇಳು?"

"ಹೇಗೆ ಓಡಿಸ್ದೆ, ಅದನ್ನ ಬೊಗಳು."

"ಫೋನಿಗೆ ಲೆಕ್ಕ ಕಳ್ಸೋ ಮೇಲಿನ ಟ್ರಾನ್ಸ್‌ಮಿಟರ್ ಎರಡು ಸಲ ಬಿಚ್ಚಿ ಮತ್ತೆ ಕೂರಿಸ್ದೆ. ಹೊಸ ಸೆನ್ಸರಾ ಅಂತ ಫೋನು ಕೇಳ್ತು. ಹೌದು ಅಂತ ಒತ್ತಿದೆ."

"ಹೊಸದು ಹಾಕ್ದೆ ಅಂತ ನಂಗೂ ಅಂದ್ಯಲ್ಲೋ. ಚುಚ್ಚಿದ್ದೇ ಗೊತ್ತಾಗ್ಲಿಲ್ಲ ಅಂತ ನಾನಂದ್ರೆ, ನನ್ನ ಕೈಗುಣ ಅಂದೆ ನೀನು."

"ಅಂಗಡೀಲಿ ಸ್ಟಾಕ್ ಇರ್ಲಿಲ್ಲ. ನಿಂಗ್ಯಾಕೆ ಚಿಂತೆ ಅಂತ..."

"ಇಲ್ಲ ಅಂದಿದ್ರೆ ಬೆರಳು ಚುಚ್ಕೊಂಡು ನೋಡ್ತಿದ್ದೆ. ಇವತ್ತು ಬೆಳಿಗ್ಗೆ ಫೋನು ನೂರಾ ಮೂವತ್ತು ಅಂತಿದೆ, ನನ್ನ ಕೈ ಸ್ಟೇರಿಂಗ್ ಮೇಲೆ ನಡುಗ್ತಿದೆ. ವ್ಯಾನ್ ಪಕ್ಕಕ್ಕೆ ಹಾಕಿ ಬೆರಳು ಚುಚ್ಚಿದ್ರೆ ನಲವತ್ತೆಂಟು, ಎಚ್ಚರ ತಪ್ಪೋ ಅಷ್ಟು ಕಮ್ಮಿ. ಹಿಂದೆ ಹನ್ನೊಂದು ಮಕ್ಕಳು ಕೂತಿದ್ವು."

ದರ್ಜಿಯ ಎದೆ ಹೊಡೆದುಕೊಂಡ ರಭಸಕ್ಕೆ ಬೆಂಚು ಒಂದು ಗೇಣು ಸರಿಯಿತು.

"ಒಂದ್ಸಲ ತಪ್ಪು ತೋರಿಸ್ತು ಅಂತ..."

"ನೀನು ಫೋನಿಗೆ ಸುಳ್ಳು ಹೇಳ್ದೆ. ಅದು ನಂಗೆ ಹೇಳ್ತು."

ನರ್ಸ್ ಕರೆದಳು. ತಮ್ಮನೂ ಎದ್ದ.

"ನೀನು ಬರ್ಬೇಡ. ಆ ಹನ್ನೊಂದು ಮನೆಗೂ ಹೋಗು. ನಾಳೆ ವ್ಯಾನ್ ಯಾಕೆ ಬರಲ್ಲ ಅಂತ ನಿನ್ನ ಬಾಯಲ್ಲೇ ಹೇಳು."

"ಏನಂತ ಹೇಳ್ಲಿ ಅಕ್ಕ?"

"ನಿಜ ಹೇಳು. ಅದೊಂದು ನಿಂಗೆ ಅಭ್ಯಾಸ ಆಗ್ಲಿ."

ಅವಳು ಒಳಹೊಕ್ಕ ಬಿರುಸಿಗೆ ಗೋಡೆಯ ಕ್ಯಾಲೆಂಡರ್ ಮೂರು ತಿಂಗಳು ಮುಂದಕ್ಕೆ ಹಾರಿತು. ತಮ್ಮ ತಲೆ ತಗ್ಗಿಸಿ ಮೆಟ್ಟಿಲಿಳಿದ.