ಬಿಡ್ತಿಲ್ಲ, ಅಕ್ಕಾ

ದೀಪ ಇರಲಿ, ಆರಿಸಬೇಡಿ. ಇದು ಯಾರೋ ಹೇಳಿದ್ದನ್ನ ಇನ್ಯಾರೋ ಕೇಳಿದ್ದಲ್ಲ. ನಮ್ಮ ದೊಡ್ಡಮ್ಮನ ಮಗಳಿಗೇ ಆದದ್ದು. ಮನೆಯಲ್ಲಿ ಅವಳನ್ನ ಪುಟ್ಟಕ್ಕ ಅಂತಾರೆ.

ಅವತ್ತು ನಡುರಾತ್ರಿ ಹೊತ್ತಿಗೆ ಲ್ಯಾಬಿನಿಂದ ಹೊರಟಾಗ ರಸ್ತೇಲಿ ನರಪಿಳ್ಳೆ ಇರಲಿಲ್ಲ. ಮನೆಗೆ ಇದ್ದದ್ದು ಒಂದೇ ದಾರಿ, ಹಾಳುಬಾವಿ ಪಕ್ಕದ್ದು. ಕಾಲು ನಡೀತಿತ್ತು. ತಲೆ ಮಾತ್ರ ಲ್ಯಾಬಲ್ಲೇ.

ಅವಳ ಕೆಲಸ ಏನಪ್ಪಾ ಅಂದ್ರೆ, ಔಷಧಿ ಜೀವಕೋಶವನ್ನ ಎಷ್ಟು ಗಟ್ಟಿಯಾಗಿ ಹಿಡಿಯತ್ತೆ ಅಂತ ಅಳೆಯೋದು. ಜೀವಕೋಶದ ಮೈಮೇಲೆ ಚಿಲಕದ ಹಾಗೆ ರಿಸೆಪ್ಟರ್ ಅಂತ ಇರತ್ತೆ. ಔಷಧಿ ಅದನ್ನ ಹಿಡೀಬೇಕು, ಕೆಲಸ ಮುಗಿಸಿ ಬಿಡಬೇಕು. ಆಗ ನೋವಿಗೆ ಅಂತ ಒಂದು ಹೊಸ ಔಷಧಿ ಬಂದಿತ್ತು. ಹಿಡಿತ ಅಂದ್ರೆ ಉಡದ ಪಟ್ಟು! ಲ್ಯಾಬಿನ ಸಾಹೇಬರು ಕುಣಿದಾಡಿಬಿಟ್ಟಿದ್ದರು.

"ಬಿಡೋದನ್ನೂ ಅಳೀಬೇಕಲ್ವಾ ಸರ್?" ಅಂದಿದ್ದಳು ಇವಳು.

"ಬೆಳಗ್ಗೆ ಆಸ್ಪತ್ರೇಲಿ ಪರೀಕ್ಷೆಗೆ ಅಂತ ಮೊದಲನೇ ಮನುಷ್ಯನಿಗೆ ಚುಚ್ಚೋದಿದೆ. ಈಗ ಹೊಸ ತಗಾದೆ ತೆಗೀಬೇಡಮ್ಮ."

ಕೈಗವಸು ಬಿಚ್ಚಿಟ್ಟು ಹೊರಟುಬಿಟ್ಟಿದ್ದಳು.

ಬಾವಿ ಹತ್ರ ಬಂದಳು... ಹೂ...ಫ್.

ಯಾರೋ ಉಸಿರು ಬಿಟ್ಟ ಸದ್ದು. ನಿಂತಳು. ಏನೂ ಇಲ್ಲ. ಎಷ್ಟು ಹೊತ್ತಾದರೂ ಮತ್ತೆ ಉಸಿರು ಎಳೆದುಕೊಳ್ಳೋ ಸದ್ದೇ ಬರಲಿಲ್ಲ.

ಬೆಳದಿಂಗಳಲ್ಲಿ ಬಾವಿಕಟ್ಟೆ ಮೇಲೆ ಒಬ್ಬ ಕೂತಿದ್ದ. ಆಸ್ಪತ್ರೇಲಿ ಹಾಕ್ತಾರಲ್ಲ, ತೆಳ್ಳನೆ ನಿಲುವಂಗಿ, ಅದು ಮೈಮೇಲೆ.

"ಯಾರಪ್ಪಾ ಅದು?" ಪಿಸುಗುಟ್ಟಿದಳು.

"ಬಿಡ್ತಿಲ್ಲ, ಅಕ್ಕಾ."

"ಏನು?"

"ಹಿಡ್ಕೊಂಡಿದೆ... ಬಿಡ್ತಿಲ್ಲ."

ತಿರುಗಿದ. ಎಡಗಡೆ ಹುಬ್ಬು ಸೀಳಿದ ಹಾಗೆ ಒಂದು ಗಾಯದ ಗುರುತು. ಮಾತಾಡ್ತಿದ್ದಾನೆ, ಆದರೆ ಎದೆ... ಎದೆ ಏಳ್ತಾ ಇಲ್ಲ. ಇವಳು ಟಾರ್ಚ್ ಹಾಕಿದಳು. ಬರೀ ಕಟ್ಟೆ. ಬಾವಿಗೆ ಬಿದ್ದಿದ್ದರೆ 'ದುಡುಂ' ಅನ್ನಬೇಕಿತ್ತಲ್ಲ? ಅದೂ ಇಲ್ಲ.

ಬಾವಿ ದಾಟಿ ಮನೆಗೆ ಹೋಗೋ ಧೈರ್ಯ ಬರಲಿಲ್ಲ. ಬಂದ ದಾರೀಲೇ ಎದ್ದೆನೋ ಬಿದ್ದೆನೋ ಅಂತ ಓಡಿದಳು. ಲ್ಯಾಬಿನ ಬಾಗಿಲು ಹಾಕಿ ಅಗಳಿ ಜಡಿದಳು... ಕೂರಕ್ಕಾಗಲಿಲ್ಲ, ನಿಲ್ಲಕ್ಕಾಗಲಿಲ್ಲ. ಕೊನೆಗೆ ಕೈಗವಸು ಹಾಕಿಕೊಂಡಳು.

ಲ್ಯಾಬಲ್ಲಿ ಅಳೆಯೋಕೆ ಅಂತ ಆ ಔಷಧಿಗೆ ಒಂಚೂರು ವಿಕಿರಣದ ವಸ್ತು ಸೇರಿಸಿರ್ತಾರೆ. ಮೀಟರ್ ಹಿಡಿದರೆ ಟಿಕ್ ಟಿಕ್ ಅನ್ನತ್ತೆ. ಅದು ಹಿಡಿದಿರೋ ಜೀವಕೋಶಗಳ ಮೇಲೆ, ಬಿಡಿಸೋ ಮದ್ದು ಸುರಿದಳು. ಇಂಥ ನೋವಿನ ಔಷಧಿ ಹೆಚ್ಚಾಗಿ ರೋಗಿಗೆ ಉಸಿರು ಕಟ್ಟಿದರೆ ಡಾಕ್ಟರು ಕೊಡೋದೂ ಇದೇ ಮದ್ದು. ಕಾದಳು. ತೊಳೆದಳು. ಬಿಟ್ಟಿದ್ದರೆ ಔಷಧಿ ನೀರಿನ ಜೊತೆ ಹೋಗಬೇಕು, ಸದ್ದು ತಣ್ಣಗಾಗಬೇಕು.

ಟಿಕ್ಟಿಕ್ಟಿಕ್ಟಿಕ್...

ಮತ್ತೆ ಸುರಿದಳು, ಮತ್ತೆ ಕಾದಳು, ಮತ್ತೆ ತೊಳೆದಳು. ಹಕ್ಕಿ ಕೂಗೋವರೆಗೂ ಅದೇ ಕೆಲಸ. ಸದ್ದು ಒಂದಿಷ್ಟೂ ಇಳೀಲಿಲ್ಲ.

ಸಾಹೇಬರಿಗೆ ಫೋನ್ ಹಚ್ಚಿದಳು. "ಏನಮ್ಮಾ, ಮನೆಗೆ ಹೋಗಿಲ್ವಾ ನೀನು?"

"ಸರ್... ಬಿಡ್ತಿಲ್ಲ."

ಅಂದ ಮೇಲೆ ಅವಳಿಗೇ ಮೈ ಜುಮ್ಮೆಂದಿತು.

ಸಾಹೇಬರು ಅಂಗಿ ಗುಂಡಿ ಅದಲು ಬದಲು ಹಾಕಿಕೊಂಡು ಓಡಿಬಂದರು. ಮೀಟರ್ ಸದ್ದು ಕೇಳಿದರು. ಮುಖ ಸುಣ್ಣವಾಯಿತು. ಒಂದು ಸಲ ಚುಚ್ಚಿದ್ದರೆ ಆ ಮನುಷ್ಯನ ಉಸಿರನ್ನ ವಾಪಸ್ ತರೋ ದಾರಿಯೇ ಇರ್ತಿರಲಿಲ್ಲ. ನಿಂತಲ್ಲಿಂದಲೇ ಆಸ್ಪತ್ರೆಗೆ ಫೋನ್ ಮಾಡಿದರು, "ನಿಲ್ಲಿಸಿ, ಸಿರಿಂಜ್ ಮುಟ್ಟಬೇಡಿ" ಅಂತ.

ಪುಟ್ಟಕ್ಕನಿಗೆ ಮನಸ್ಸು ತಡೀಲಿಲ್ಲ. ಆ ಮೊದಲನೇ ಮನುಷ್ಯ ಯಾರು ಅಂತ ನೋಡಲೇಬೇಕಿತ್ತು. ವಾರ್ಡಿಗೆ ಹೋದಳು. ಅವನು ಮಂಚದ ತುದೀಲಿ ಕೂತು, ಸುಮ್ಮನೆ ಮನೆಗೆ ಕಳಿಸ್ತಿದ್ದಾರೆ ಅಂತ ಗೊಣಗುತ್ತಾ ಷೂ ಕಟ್ಕೊಳ್ತಿದ್ದ. ತಲೆ ಎತ್ತಿದ... ಎಡಗಡೆ ಹುಬ್ಬಲ್ಲಿ ಸೀಳು.

"ನನ್ನ... ಎಲ್ಲಾದ್ರೂ ನೋಡಿದೀರಾ?" ಅಂದಳು ಪುಟ್ಟಕ್ಕ.

"ಇಲ್ಲವಲ್ಲ, ಮೇಡಂ. ಯಾಕೆ?"

ಹಿಂದಿನ ಸಂಜೆಯಿಂದ ಅವನು ವಾರ್ಡ್ ಬಿಟ್ಟು ಕದಲಿರಲಿಲ್ಲ.

ಪುಟ್ಟಕ್ಕ ಹೆದರಿದ್ದಳು, ಏನೋ ಕಂಡಹಾಗಾಗಿರಬೇಕು ಅಂತೀರಿ. ನಾನೂ ಹಾಗೇ ಅಂದಿದ್ದೆ. ಆದರೆ ರಾತ್ರಿ ಪಾಳಿ ಮಾಡಿದ ಸಿಸ್ಟರ್ ಹತ್ರ ನಾನೇ ಹೋಗಿ ಕೇಳಿದೀನಿ. ಆಕೆಗೆ ಬಾವಿ ವಿಷಯ ಗೊತ್ತೇ ಇಲ್ಲ. ಆಕೆ ಹೇಳಿದ್ದು ಇಷ್ಟೇ: "ನಡುರಾತ್ರೀಲಿ ಅವನ ಮಾನಿಟರಲ್ಲಿ ಉಸಿರಿನ ಗೆರೆ ಒಂದಿಷ್ಟು ಹೊತ್ತು ನೆಟ್ಟಗೆ ಹೋಯ್ತು. ವೈರ್ ಕಳಚಿರಬೇಕು ಅಂತ ಓಡಿದೆ... ವೈರ್ ಸರಿಯಾಗೇ ಇತ್ತು."