ಎಲ್ಲರ ಎದೆಯಲ್ಲೂ ಅದೇ ಚುಕ್ಕೆ

ಒಬ್ಬ ಸಾಹುಕಾರನಿದ್ದ. ಯಾವ ಊರು ಅಂತ ಕೇಳಬೇಡಿ, ಅವನ ಬೀಗರು ಇಲ್ಲೇ ಕೂತಿರಬಹುದು. ಊರಿನ ಆಸ್ಪತ್ರೆಗೆ ಅವನೊಂದು ಎಕ್ಸ್‌ರೇ ಫಲಕ ಮಾಡಿಸಿಕೊಟ್ಟ. ಒಬ್ಬ ಇಂಜಿನಿಯರಮ್ಮ ಮೂರು ವರ್ಷ ತಲೆ ಕೆಡಿಸಿಕೊಂಡು ತಯಾರಿಸಿದ ಫಲಕ. ಹಳೆಯದರಲ್ಲಿ ಮೂಳೆ ಕಂಡರೆ ಪುಣ್ಯ. ಇದರಲ್ಲಿ ಸಾಸಿವೆಯ ಕಾಲು ಭಾಗವೂ ಕಾಣುತ್ತದೆ.

ಮೊದಲ ದಿನ ಸಾಹುಕಾರ ಅದರ ಹೊದಿಕೆ ತೆಗೆಸಿದ. ಬಾಯಲ್ಲಿ ಎಲೆ ಅಡಿಕೆ. "ಇದೇ ನೋಡ್ರಿ, ನಾನ್ ಮಾಡ್ಸಿದ್ದು" ಅಂತ ಬಂದವರಿಗೆಲ್ಲ ಬೆರಳಿಟ್ಟು ತೋರಿಸಿದ.

ಇಂಜಿನಿಯರಮ್ಮ ಹೇಳಿದಳು, "ಯಜಮಾನ್ರೇ, ಮೊದಲು ಯಾರನ್ನೂ ನಿಲ್ಲಿಸದೆ ಒಂದು ಖಾಲಿ ಚಿತ್ರ ತೆಗೀಬೇಕು. ಫಲಕದ್ದೇ ದೋಷ ಇದ್ರೆ ಗೊತ್ತಾಗುತ್ತೆ."

"ನಾನ್ ಮಾಡ್ಸಿದ್ದಕ್ಕೆ ದೋಷವಾ? ಜನ ನಿಲ್ಸಮ್ಮ."

ಮೊದಲು ನಿಂತವಳು ಅವನ ಮನೆಯಲ್ಲಿ ಇಪ್ಪತ್ತು ವರ್ಷ ಅಡುಗೆ ಮಾಡಿದವಳು. ಚಿತ್ರದಲ್ಲಿ ಎಡಭುಜದ ಕೆಳಗೆ ಒಂದು ಬಿಳಿ ಚುಕ್ಕೆ. ಡಾಕ್ಟರು ಬಾಯಿ ತೆರೆಯುವ ಮೊದಲೇ ಸಾಹುಕಾರ ಅಂದ, "ಕ್ಷಯ. ನಾಳೆಯಿಂದ ಒಲೆ ಮುಟ್ಬೇಡ."

"ಅಯ್ಯಾ, ನಂಗೆ ಕೆಮ್ಮೇ ಇಲ್ವಲ್ಲ."

ಯಾರು ಕೇಳುತ್ತಾರೆ? ಅವಳು ಆಸ್ಪತ್ರೆಯ ಮೆಟ್ಟಿಲಿಳಿಯುವಷ್ಟರಲ್ಲಿ ಸುದ್ದಿ ಊರು ಸುತ್ತಿತ್ತು. ನೀರು ಕೇಳಿದರೆ ಲೋಟ ಕೊಡುವವರಿಲ್ಲ. ಆ ತಾಯಿಯನ್ನು ನೆನೆದರೆ ನನಗೆ ಈಗಲೂ ಸಂಕಟವಾಗುತ್ತದೆ.

ಆಮೇಲೆ ಸಾಹುಕಾರನ ಭಾವಮೈದ ನಿಂತ. ಚುಕ್ಕೆ. ಹೆಡ್‌ಮಾಸ್ತರರು ನಿಂತರು. ಚುಕ್ಕೆ. ಅದೇ ಜಾಗ, ಅಷ್ಟೇ ಗಾತ್ರ. ಸಾಹುಕಾರನಿಗೆ ಅನುಮಾನ ಬಂತೇ? ಬಂತು, ಊರಿನ ಮೇಲೆ. "ಇಡೀ ಊರೇ ಕೆಟ್ಟೋಗಿದೆ" ಅಂದ. ಕೊನೆಗೆ ಗತ್ತಿನಿಂದ ತಾನೂ ನಿಂತ. ಚುಕ್ಕೆ. ನೋಡಿ, ಅಲ್ಲಿಯವರೆಗೆ ಇಲ್ಲದ ಕೆಮ್ಮು ಅವನಿಗೆ ಆ ಕ್ಷಣದಿಂದ ಶುರುವಾಯಿತು.

ಇಂಜಿನಿಯರಮ್ಮ ಯಾರನ್ನೂ ನಿಲ್ಲಿಸದೆ ಖಾಲಿ ಚಿತ್ರ ತೆಗೆದಳು. ಅದರಲ್ಲೂ ಚುಕ್ಕೆ.

"ಇದ್ಯಾರ ಎದೆಯಮ್ಮ?" ಅಂದ ಕೆಮ್ಮುತ್ತಲೇ.

"ಯಾರದ್ದೂ ಅಲ್ಲ ಯಜಮಾನ್ರೇ. ನಿಮ್ಮ ಬೆರಳಲ್ಲಿದ್ದ ಸುಣ್ಣ, ಫಲಕಕ್ಕೆ ಹತ್ತಿದೆ."

ಕೆಮ್ಮು ನಿಂತಿತು. ಸುಣ್ಣ ಒದ್ದೆ ಹತ್ತಿಗೆ ಒಂದೇ ನಿಮಿಷದಲ್ಲಿ ಹೋಯಿತು. ಆದರೆ ಅಡುಗೆಯವಳ ಹೆಸರಿಗೆ ಹತ್ತಿದ್ದು? "ಕಾಯಿಲೆ ಅವಳದಲ್ಲ, ತಪ್ಪು ನನ್ನ ಬೆರಳಿಂದು" ಅಂತ ಸಾಹುಕಾರ ಎರಡು ತಿಂಗಳು ಮನೆಮನೆ ತಿರುಗಿದ. ಕೊನೆಯ ಮನೆಯವರು ನಂಬುವವರೆಗೂ ಅವಳು ಅವನ ಒಲೆಯ ಹತ್ತಿರ ಬರಲಿಲ್ಲ. ಅಷ್ಟು ದಿನವೂ ತಾನೇ ಬೇಯಿಸಿಕೊಂಡು ತಾನೇ ಉಂಡ.

ನಗುತ್ತಿದ್ದೀರಿ. ಹಿಂದಿನ ಸಾಲಿನ ಅಮ್ಮ, ಪಕ್ಕದವರನ್ನು ನೋಡಬೇಡಿ, ನಿಮಗೇ ಹೇಳುತ್ತಿರುವುದು. ನಾಳೆ ಬೆಳಿಗ್ಗೆ ಸೊಸೆ ಸೋಮಾರಿಯಾಗಿ ಕಾಣುತ್ತಾಳೆ. ತಡೆಯಿರಿ. ನಾದಿನಿ? ಸೋಮಾರಿ. ಹಾಲಿನವನು? ಸೋಮಾರಿ. ಎಲ್ಲರಲ್ಲೂ ಅದೇ ಚುಕ್ಕೆ, ಅದೇ ಜಾಗದಲ್ಲಿ ಕಂಡರೆ ಬಾಯಿ ಮುಚ್ಚಿಕೊಂಡು ಒಂದು ನಿಮಿಷ ಒಬ್ಬರೇ ಕೂತುಕೊಳ್ಳಿ. ಕೂತು, ಮೊದಲು ನಿಮ್ಮ ಬೆರಳು ನೋಡಿಕೊಳ್ಳಿ.